ಬಿಡಿಸಿ ಬರೆದು ಸಂಧಿ ಹೆಸರಿಸಿ

ಟುವಾಕ್ ಪ್ಲಸ್ ನೀಲಿಕ್ಸ್, ಟುವಿಕ್ಸ್. ಇದು ಯಾವ ಸಂಧಿ ಹೇಳು ನೋಡೋಣ ಅಂತ ನನ್ನ ಫ್ರೆಂಡ್ ಒಂದಿನ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಹಾಕಿದ್ಲು. ಲೋಪ ಸಂಧಿ ಅಂದೆ, ಎರಡೂ ಕಡೆಯಿಂದ ಏನೋ ಬಿದ್ದುಹೋಗಿದೆ ತಾನೆ. "ಲೋಪ ಸರಿ, ಯಾರ ಲೋಪ ಅದು ಹೇಳು, ಜೇನ್‌ವೇದಾ?" ಅಂತ ತಿರುಗಿಸಿ ಕೇಳಿದ್ಲು. ಅಷ್ಟೇ, ನಿದ್ದೆ ಹಾಳು. ನಾವಿಬ್ರೂ ಸ್ಟಾರ್ ಟ್ರೆಕ್ಕಿನ ಈ ಒಂದು ಎಪಿಸೋಡಿನ ಬಗ್ಗೆ ಜಗಳ ಆಡೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತೋ ಲೆಕ್ಕ ಇಲ್ಲ, ಪ್ರತಿ ಸಲ ಮುಗೀತು ಅಂದ್ಕೊಳ್ತೀವಿ, ಪ್ರತಿ ಸಲ ಬೇತಾಳ ಹಾರಿ ಮರಕ್ಕೆ ನೇತಾಕ್ಕೊಳ್ಳುತ್ತೆ, ಪಟ್ಟು ಬಿಡದ ತ್ರಿವಿಕ್ರಮರ ಹಾಗೆ ಮತ್ತೆ ಇಳಿಸಿ ಹೆಗಲಿಗೆ ಹಾಕ್ಕೊಂಡು ಹೊರಡ್ತೀವಿ.

ಗೊತ್ತಿಲ್ಲದೋರಿಗೆ ಬೇಗ ಹೇಳಿಬಿಡ್ತೀನಿ. ಸ್ಟಾರ್ ಟ್ರೆಕ್ ವಾಯೇಜರ್, 1995ರಿಂದ 2001ರವರೆಗೆ ಏಳು ಸೀಸನ್ ಬಂದ ಸೀರಿಯಲ್ಲು. ವಾಯೇಜರ್ ಅನ್ನೋ ಅಂತರಿಕ್ಷ ಹಡಗು ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಹೋಗಿ ಬಿದ್ದಿರುತ್ತೆ, ವಾಪಸ್ ಬರೋಕೆ ಸುಮಾರು 75 ವರ್ಷ ಬೇಕು, ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ. ಟುವಾಕ್ ಅಂದ್ರೆ ವಲ್ಕನ್ ಜನಾಂಗದ ಸೆಕ್ಯುರಿಟಿ ಆಫೀಸರ್, ನಗು ಅನ್ನೋದು ಅವನ ಜಾತಕದಲ್ಲೇ ಇಲ್ಲ. ನೀಲಿಕ್ಸ್ ಹಡಗಿನ ಅಡುಗೆಯವನು, ಬಾಯಿ ಮುಚ್ಚಿದ್ದೇ ಇಲ್ಲ. 1996ರ ಮೇ ತಿಂಗಳಲ್ಲಿ ಬಂದ ಈ ಎಪಿಸೋಡಲ್ಲಿ ಇವರಿಬ್ಬರೂ ಒಂದು ಗ್ರಹಕ್ಕೆ ಗಿಡ ತರೋಕೆ ಹೋಗ್ತಾರೆ, ವಾಪಸ್ ಬರುವಾಗ ಟ್ರಾನ್ಸ್‌ಪೋರ್ಟರ್, ಅಂದ್ರೆ ಜನರನ್ನ ಇಲ್ಲಿ ಮಾಯ ಮಾಡಿ ಅಲ್ಲಿ ಪ್ರತ್ಯಕ್ಷ ಮಾಡೋ ಮಷೀನ್, ಅದರ ಮೇಲೆ ನಿಂತಿರೋದು ಒಬ್ಬನೇ. ತಂದಿದ್ದ ಆರ್ಕಿಡ್ ಗಿಡದ ಕಿಣ್ವ ಇಬ್ಬರನ್ನೂ ಬೆಸೆದುಬಿಟ್ಟಿದೆ. ಬಟ್ಟೆಯನ್ನೂ ಸೇರಿಸಿ! ಯೂನಿಫಾರ್ಮು ಮತ್ತು ನೀಲಿಕ್ಸನ ಬಣ್ಣಬಣ್ಣದ ಅಂಗಿ ಎರಡೂ ಸೇರಿ ಒಂದೇ ಡ್ರೆಸ್ ಆಗಿ ಬಂದಿದೆ. ಕಿಣ್ವಕ್ಕೂ ಬಟ್ಟೆಗೂ ಏನು ಸಂಬಂಧ ಅಂತ ಕೇಳಬಾರದು, ಕೇಳೋರು ಈ ಸೀರಿಯಲ್ ನೋಡೋಕಾಗಲ್ಲ.

ಬಂದವನು ತನಗೆ ತಾನೇ ಟುವಿಕ್ಸ್ ಅಂತ ಹೆಸರಿಟ್ಕೊಳ್ತಾನೆ. ಇಬ್ಬರ ನೆನಪೂ ಇದೆ, ಇಬ್ಬರ ಕೈಗುಣವೂ ಇದೆ. ಸೆಕ್ಯುರಿಟಿ ಕೆಲಸಾನೂ ಮಾಡ್ತಾನೆ ಅಡುಗೆನೂ ಮಾಡ್ತಾನೆ, ಹಡಗಿನೋರಿಗೆಲ್ಲ ಇಷ್ಟ ಆಗ್ತಾನೆ. ಹಿಂಗೇ ದಿನ ಉರುಳುತ್ತೆ. ಆಮೇಲೆ ಡಾಕ್ಟರ್ ಬೇರ್ಪಡಿಸೋ ದಾರಿ ಕಂಡುಹಿಡೀತಾನೆ, ಎಲ್ಲರಿಗೂ ಖುಷಿ, ಒಬ್ಬನನ್ನ ಬಿಟ್ಟು. ನಂಗೆ ಸಾಯೋಕೆ ಇಷ್ಟ ಇಲ್ಲ ಅಂತಾನೆ ಟುವಿಕ್ಸ್.

ಇಲ್ಲಿಂದ ಮುಂದಿನ ಹತ್ತು ನಿಮಿಷಕ್ಕೆ ಫ್ಯಾನ್‌ಗಳು ಕಾಲು ಶತಮಾನ ಕೊಟ್ಟಿದ್ದಾರೆ. 2023ರಲ್ಲಿ ಲೋವರ್ ಡೆಕ್ಸ್ ಅನ್ನೋ ಸ್ಟಾರ್ ಟ್ರೆಕ್ ಕಾರ್ಟೂನ್ ಸೀರಿಯಲ್ಲು ಒಂದು ಇಡೀ ಎಪಿಸೋಡನ್ನ ಈ ಹಳೇ ಕೇಸಿನ ತಮಾಷೆಗೇ ಮೀಸಲಿಡ್ತು, ಅಂದ್ರೆ 27 ವರ್ಷ ಆದ್ಮೇಲೂ ಜನಕ್ಕೆ ಜೋಕ್ ಅರ್ಥ ಆಗುತ್ತೆ ಅಂತ ಬರೆದೋರಿಗೆ ಧೈರ್ಯ ಇತ್ತು.

ಒಂದು ಸಣ್ಣ ವಿಷಯ, ಇದು ಕನ್ನಡದಲ್ಲಿ ಜಗಳ ಆಡಿದ್ರೆ ಮಾತ್ರ ಕಾಣೋದು. ಇಂಗ್ಲಿಷಲ್ಲಿ ಯಾರ ಪಕ್ಷ ಅಂತ ಸ್ವಲ್ಪ ಹೊತ್ತು ಮುಚ್ಚಿಡಬಹುದು, ನಮ್ಮಲ್ಲಿ ಕ್ರಿಯಾಪದ ಬಾಯಿಬಿಡುತ್ತೆ. ಮೊದಮೊದಲು ನನ್ನ ಫ್ರೆಂಡ್ "ಅದು ಬಂದಾಗ" ಅಂತಿದ್ಲು, ನಾನು "ಅವನು ಬಂದಾಗ" ಅಂತಿದ್ದೆ. ಅಲ್ಲಿಗೇ ವಾದ ಮುಗಿದಂಗೆ. ಒಂದ್ಸಲ ಬಾಯ್ತಪ್ಪಿ ನಾನು "ಟುವಿಕ್ಸ್ ಬಂದ್ರಲ್ಲ" ಅಂದೆ. ಅದು ಗೌರವಕ್ಕೆ ಹೇಳಿದ ಬಹುವಚನವಾ, ಇಲ್ಲ ನಿಜವಾಗ್ಲೂ ಇಬ್ಬರು ಅಂತ ಹೇಳಿದ್ದಾ ಅಂತ ಅವಳು ಹಿಡ್ಕೊಂಡ್ಲು ನೋಡಿ, ಅರ್ಧ ಗಂಟೆ ಅದೇ ಆಯ್ತು.

ಈ ಅದು, ಅವನು ವಿಷಯಕ್ಕೆ ಸ್ಟಾರ್ ಟ್ರೆಕ್ಕಲ್ಲೇ ಇನ್ನೊಂದು ಹೆಸರಾಂತ ಎಪಿಸೋಡ್ ಇದೆ. ಇದಕ್ಕೂ ಮುಂಚಿನ ನೆಕ್ಸ್ಟ್ ಜನರೇಷನ್ ಸೀರಿಯಲ್ಲಿನ ಎರಡನೇ ಸೀಸನ್, 1989ರ ಫೆಬ್ರವರಿ. ಡೇಟಾ ಅನ್ನೋ ಆಂಡ್ರಾಯ್ಡನ್ನ, ಅಂದ್ರೆ ಮನುಷ್ಯನ ಥರಾನೇ ಇರೋ ಯಂತ್ರವನ್ನ, ಬಿಚ್ಚಿ ನೋಡ್ಬೇಕು ಅಂತ ಮ್ಯಾಡಾಕ್ಸ್ ಅನ್ನೋ ವಿಜ್ಞಾನಿ ಬರ್ತಾನೆ, ಡೇಟಾ ಒಪ್ಪಲ್ಲ, ಅವನು ಈ ಹಡಗುಗಳನ್ನ ನಡೆಸೋ ಸ್ಟಾರ್‌ಫ್ಲೀಟಿನ ಆಸ್ತಿಯಾ ಅಥವಾ ಒಬ್ಬ ವ್ಯಕ್ತಿಯಾ ಅಂತ ವಿಚಾರಣೆ ನಡೆಯುತ್ತೆ. ಕ್ಯಾಪ್ಟನ್ ಪಿಕಾರ್ಡ್ ಡೇಟಾ ಪರ. ವಿರುದ್ಧ ವಾದ ಮಾಡೋಕೆ ಬೇರೆ ಜನ ಇಲ್ಲ ಅಂತ ಡೇಟಾನ ಗೆಳೆಯ ರೈಕರ್‌ಗೇ ಆ ಕೆಲಸ ಕೊಡ್ತಾರೆ, ಸರಿಯಾಗಿ ವಾದ ಮಾಡದಿದ್ರೆ ಈಗಲೇ ಆಸ್ತಿ ಅಂತ ತೀರ್ಪು ಕೊಟ್ಟುಬಿಡ್ತೀನಿ ಅಂತ ಜಡ್ಜಮ್ಮ ಎಚ್ಚರಿಸ್ತಾಳೆ. ಆ ಎಪಿಸೋಡಲ್ಲಿ ಎಲ್ಲರೂ ಪಿಕಾರ್ಡನ ಭಾಷಣ ಹೊಗಳ್ತಾರೆ, ನಂಗೆ ನೆನಪಿರೋದು ಬೇರೆ. ರೈಕರ್ ಒಬ್ಬನೇ ಸ್ಕ್ರೀನ್ ಮುಂದೆ ಕೂತು ಡೇಟಾನ ತಾಂತ್ರಿಕ ವಿವರ ಓದ್ತಿರ್ತಾನೆ, ಏನೋ ಸಿಗುತ್ತೆ, ಕೇಸ್ ಗೆದ್ದೆ ಅನ್ನೋ ಹಾಗೆ ಮುಖದಲ್ಲಿ ಒಂದು ಸಣ್ಣ ನಗು ಬರುತ್ತೆ, ಮರುಕ್ಷಣ ತಾನು ಗೆದ್ರೆ ಏನಾಗುತ್ತೆ ಅಂತ ಹೊಳೆದು ಆ ನಗು ಹಂಗೇ ಇಳಿದುಹೋಗುತ್ತೆ. ಆಮೇಲೆ ವಿಚಾರಣೆಯಲ್ಲಿ ಎದ್ದುಹೋಗಿ ಡೇಟಾನ ಸ್ವಿಚ್ ಆಫ್ ಮಾಡ್ತಾನೆ. ಕೊನೇಲಿ ಡೇಟಾಗೆ ತನ್ನ ಆಯ್ಕೆ ತಾನೇ ಮಾಡೋ ಹಕ್ಕಿದೆ ಅಂತ ತೀರ್ಪು ಬರುತ್ತೆ, ಅಲ್ಲಿವರೆಗೆ "ಅದು" ಅಂತಿದ್ದ ಮ್ಯಾಡಾಕ್ಸ್ ಬಾಯಲ್ಲಿ "ಅವನು" ಅಂತ ಬರುತ್ತೆ, ಜಡ್ಜಮ್ಮ ಅದನ್ನ ಗಮನಿಸಿ ಹೇಳೂ ಹೇಳ್ತಾಳೆ. ಕನ್ನಡದೋರಿಗೆ ಅದರ ತೂಕ ಯಾರೂ ವಿವರಿಸಿ ಹೇಳ್ಬೇಕಾಗಿಲ್ಲ.

ಟುವಿಕ್ಸ್‌ಗೆ ವಿಚಾರಣೆ ಸಿಗಲಿಲ್ಲ. ವಕೀಲರಿಲ್ಲ, ಜಡ್ಜ್ ಇಲ್ಲ, ಹತ್ತಿರದ ಕೋರ್ಟು 70,000 ಜ್ಯೋತಿರ್ವರ್ಷ ದೂರ. ಕ್ಯಾಪ್ಟನ್ ರೂಮಲ್ಲಿ ಒಂದು ಮಾತುಕತೆ, ಅಷ್ಟೇ. ಟುವಾಕ್, ನೀಲಿಕ್ಸ್ ಇಬ್ಬರ ಪರ ಮಾತಾಡೋಕೆ ಬೇರೆ ಯಾರೂ ಇಲ್ಲ, ಅವರ ದನಿ ನಾನೇ ಆಗಬೇಕು, ಅವರಿಗೂ ಕುಟುಂಬ ಇದೆ, ಕಾಯ್ತಿರೋರಿದ್ದಾರೆ ಅಂತ ಜೇನ್‌ವೇ ಹೇಳ್ತಾಳೆ. ಅವರು ನನ್ನೊಳಗೇ ಇದ್ದಾರಲ್ಲ, ಇಬ್ಬರ ಜೀವದಾಸೆ ನನ್ನೊಬ್ಬನಲ್ಲಿದೆ ಅಂತ ಅವನು ಹೇಳ್ತಾನೆ. ಇದಕ್ಕಿಂತ ಎದೆಗೆ ತಾಗೋದು ಕೆಸ್ ಕಥೆ. ಕೆಸ್ ಅಂದ್ರೆ ನೀಲಿಕ್ಸನ ಪ್ರಿಯತಮೆ. ನನ್ನ ಪರವಾಗಿ ಕ್ಯಾಪ್ಟನ್ ಹತ್ರ ಒಂದು ಮಾತಾಡು ಅಂತ ಟುವಿಕ್ಸ್ ಅವಳನ್ನ ಕೇಳ್ಕೊಳ್ತಾನೆ, ಅವಳು ಹೋಗ್ತಾಳೆ, ಹೋಗಿ ನಂಗೆ ನೀಲಿಕ್ಸ್ ವಾಪಸ್ ಬೇಕು ಅಂತ ಅತ್ತುಬಿಡ್ತಾಳೆ.

ಸರಿ, ಈಗ ವಾದಗಳು. ಎರಡು ಜೀವ ದೊಡ್ಡದಾ ಒಂದಾ ಅನ್ನೋ ಲೆಕ್ಕದ ವಾದ ಎಲ್ಲಕ್ಕಿಂತ ಬೋರು, ಅದನ್ನ ಬಿಡ್ತೀನಿ. ಅದರ ಬೆನ್ನಿಗೇ ಬರೋದು ಟ್ರಾಲಿ ಸಮಸ್ಯೆ, ಫಿಲಿಪಾ ಫುಟ್ ಅನ್ನೋ ತತ್ವಜ್ಞಾನಿ 1967ರಲ್ಲಿ ಎತ್ತಿದ್ದು: ಓಡ್ತಿರೋ ಟ್ರಾಲಿ ಐದು ಜನದ ಮೇಲೆ ಹೋಗುತ್ತೆ, ತಿರುಗಿಸಿದ್ರೆ ಒಬ್ಬನ ಮೇಲೆ. ಟುವಿಕ್ಸ್ ಅಂದ್ರೆ ಟ್ರಾಲಿ ಸಮಸ್ಯೆ ಅಂತ ಹೇಳೋ ಫ್ಯಾನ್‌ಗಳು ಸುಮಾರು ಜನ, ನಂಗ್ಯಾಕೋ ಅದು ಹೊಂದಲ್ಲ. ಟ್ರಾಲಿಯಲ್ಲಿ ಆ ಒಬ್ಬ ಅಲ್ಲಿ ಇಲ್ಲದೇ ಇದ್ದಿದ್ರೆ ಇನ್ನೂ ಒಳ್ಳೇದಾಗ್ತಿತ್ತು, ಐದು ಜನ ಹೆಂಗೂ ಉಳೀತಿದ್ರು. ಇಲ್ಲಿ ಆ ಒಬ್ಬನ ಮೈಯೇ ಕಚ್ಚಾಮಾಲು, ಅವನಿಲ್ಲದೆ ಇಬ್ಬರನ್ನ ಮಾಡೋಕಾಗಲ್ಲ. ಇದು ಆರೋಗ್ಯವಾಗಿರೋ ಒಬ್ಬನನ್ನ ಕುಯ್ದು ಅವನ ಅಂಗಾಂಗ ಹಂಚಿ ಐದು ರೋಗಿಗಳನ್ನ ಉಳಿಸ್ಬಹುದಾ ಅನ್ನೋ ಇನ್ನೊಂದು ಪ್ರಶ್ನೆಗೆ ಹತ್ತಿರ, ಅದಕ್ಕೆ ಹೂಂ ಅನ್ನೋರು ನನಗಂತೂ ಸಿಕ್ಕಿಲ್ಲ.

ಜೇನ್‌ವೇ ಪರ ಇರೋರ ಹತ್ರ ಒಂದು ಗಟ್ಟಿ ಅಸ್ತ್ರ ಇದೆ, ನನ್ನ ಫ್ರೆಂಡ್ ಅದನ್ನ ಸುಮಾರು ಸಲ ನನ್ನ ಮೇಲೆ ಬಿಟ್ಟಿದ್ದಾಳೆ. ಅವರಿಬ್ಬರೂ ನನ್ನೊಳಗೆ ಬದುಕಿದ್ದಾರೆ ಅಂತ ಟುವಿಕ್ಸೇ ಹೇಳ್ತಾನೆ ತಾನೆ? ಹಂಗಾದ್ರೆ ಬೇರ್ಪಡಿಸಿದ ಮೇಲೆ ಅವನೂ ಅವರಿಬ್ಬರೊಳಗೆ ಬದುಕಿರ್ತಾನೆ, ಸತ್ತ ಅಂತ ಯಾಕೆ ಅಳ್ತೀಯ. ಇಲ್ಲ ಅವನು ಸತ್ತ ಅನ್ನೋದಾದ್ರೆ, ಅದೇ ಲೆಕ್ಕದಲ್ಲಿ ಅವನು ಹುಟ್ಟಿದ ದಿನ ಇಬ್ಬರು ಸತ್ತಿದ್ರು. ಎರಡರಲ್ಲಿ ಒಂದು ಆರಿಸ್ಕೋ ಅಂತಾಳೆ. ನಾನು ಪ್ರತಿ ಸಲ ಒದ್ದಾಡಿ ಕೊನೆಗೆ ಹೇಳೋದು ಒಂದೇ, ಮೊದಲನೇದು ಆಕ್ಸಿಡೆಂಟು, ಎರಡನೇದಕ್ಕೆ ಯಾರೋ ಒಬ್ಬರು ಬಟನ್ ಒತ್ತಿದ್ರು.

ಈ ಸತ್ತದ್ದು ಯಾರು ಉಳಿದದ್ದು ಯಾರು ಅನ್ನೋ ಗೋಜಲು ಟ್ರಾನ್ಸ್‌ಪೋರ್ಟರ್ ಜೊತೆಗೇ ಬಂದಿದ್ದು. 1966ರಲ್ಲಿ ಮೊದಲ ಸೀರಿಯಲ್ ಶುರುವಾದಾಗ ಪ್ರತಿ ವಾರ ಹಡಗು ಗ್ರಹದ ಮೇಲೆ ಇಳಿಯೋದನ್ನ ತೋರಿಸೋಕೆ ದುಡ್ಡು ಸಾಲಲ್ಲ ಅಂತ ಈ ಮಷೀನ್ ತಂದ್ರು, ಮಿಣಮಿಣ ಅಂತ ಇಲ್ಲಿ ಮಾಯ, ಅಲ್ಲಿ ಪ್ರತ್ಯಕ್ಷ. ಬಜೆಟ್ ತೊಂದರೆಗೆ ಸಿಕ್ಕ ಉಪಾಯ, ತತ್ವಶಾಸ್ತ್ರಕ್ಕೆ ಒಳ್ಳೇ ಮೇವಾಯ್ತು. 1984ರಲ್ಲಿ ಡೆರೆಕ್ ಪಾರ್ಫಿಟ್ ಅನ್ನೋ ತತ್ವಜ್ಞಾನಿ ಇಂಥದ್ದೇ ಒಂದು ಮಷೀನ್ ಇಟ್ಕೊಂಡು ಕೇಳಿದ: ಇಲ್ಲಿ ನಿನ್ನನ್ನ ಅಳಿಸಿ ಅಲ್ಲಿ ಅದೇ ಥರದವನನ್ನ ಕಟ್ಟಿದ್ರೆ ಅವನು ನೀನೇನಾ? ಇಲ್ಲಿಯವನನ್ನ ಅಳಿಸೋದೇ ಇಲ್ಲ ಅಂತಾದ್ರೆ? 1993ರಲ್ಲಿ ನೆಕ್ಸ್ಟ್ ಜನರೇಷನ್‌ನೋರು ಅದನ್ನ ರೈಕರ್ ಮೇಲೇ ಪ್ರಯೋಗ ಮಾಡಿದ್ರು, ಎಂಟು ವರ್ಷದ ಹಿಂದೆ ಟ್ರಾನ್ಸ್‌ಪೋರ್ಟರ್ ಎಡವಟ್ಟಲ್ಲಿ ಇನ್ನೊಬ್ಬ ರೈಕರ್ ಹುಟ್ಟಿ ಒಂದು ಗ್ರಹದಲ್ಲಿ ಒಂಟಿಯಾಗಿ ಉಳ್ಕೊಂಡಿರ್ತಾನೆ. ಅವರಿಬ್ಬರಲ್ಲಿ ಒಬ್ಬನನ್ನ ಅಳಿಸೋಣ ಅಂತ ಯಾರೂ ಹೇಳಲಿಲ್ಲ ಅನ್ನೋದನ್ನ ಮಾತ್ರ ಇಲ್ಲಿ ಗುರುತು ಹಾಕ್ಕೊಳ್ಳಿ.

ಬೇತಾಳನ ಕಥೆಯಲ್ಲೂ ತಲೆ ಅದಲುಬದಲಾದ ಇಬ್ಬರು ಬರ್ತಾರೆ, ಹೆಂಡತಿಗೆ ಯಾರು ಗಂಡ ಅನ್ನೋ ಪ್ರಶ್ನೆಗೆ ರಾಜ ಒಂದೇ ಏಟಿಗೆ ಉತ್ತರ ಕೊಡ್ತಾನೆ, ತಲೆ ಯಾರದೋ ಅವನೇ. ಅಂಥಾ ರಾಜನನ್ನ ಕರ್ಕೊಂಡು ಬಂದು ಟುವಿಕ್ಸ್ ಮುಂದೆ ನಿಲ್ಲಿಸಬೇಕಿತ್ತು, ಇವನ ತಲೆಯಲ್ಲೇ ಇಬ್ಬರಿದ್ದಾರಲ್ಲಪ್ಪ ಏನು ಮಾಡ್ತೀಯ ಅಂತ.

ನಂಗೆ ನಿಜವಾಗ್ಲೂ ಕಾಡೋದು ಬ್ರಿಡ್ಜ್ ಸೀನು. ಬ್ರಿಡ್ಜ್ ಅಂದ್ರೆ ಹಡಗು ನಡೆಸೋ ಜಾಗ. ಟುವಿಕ್ಸ್ ಅಲ್ಲಿ ಒಬ್ಬೊಬ್ಬರ ಮುಖ ನೋಡಿ ಬೇಡ್ಕೊಳ್ತಾನೆ, ಇದು ತಪ್ಪು ಅಂತ ನಿಮಗ್ಯಾರಿಗೂ ಅನ್ನಿಸ್ತಿಲ್ವಾ ಅಂತ. ಅವನ ಜೊತೆ ನಕ್ಕೋರು, ಅವನ ಕೈಯಡುಗೆ ಉಂಡೋರು, ಒಬ್ಬರೂ ಬಾಯಿ ಬಿಡಲ್ಲ. ಕೊನೆಗೆ ನಿಮ್ಮನ್ನೆಲ್ಲ ಕ್ಷಮಿಸ್ತೀನಿ ಅಂತಾನೆ. ಸಿಕ್‌ಬೇ ಅಂದ್ರೆ ಹಡಗಿನ ಆಸ್ಪತ್ರೆ, ಅಲ್ಲಿ ಡಾಕ್ಟರ್, ಆ ಡಾಕ್ಟರ್ ಮನುಷ್ಯ ಕೂಡ ಅಲ್ಲ, ಬೆಳಕಿನಲ್ಲಿ ಮಾಡಿದ ಹೊಲೊಗ್ರಾಮ್, ಅವನೊಬ್ಬ ಮಾತ್ರ ನಾನು ಇದನ್ನ ಮಾಡಲ್ಲ, ಇವನ ಇಷ್ಟಕ್ಕೆ ವಿರುದ್ಧವಾಗಿ ಜೀವ ತೆಗೆಯಲ್ಲ ಅಂತ ಹಿಂದೆ ಸರೀತಾನೆ. ಜೇನ್‌ವೇ ತಾನೇ ಮಾಡ್ತಾಳೆ. ಟುವಾಕ್ ನೀಲಿಕ್ಸ್ ಇಬ್ಬರೂ ಬರ್ತಾರೆ, ಅವರಿಗೊಂದು ಮಾತು ಹೇಳಿ ಆಚೆ ಬಂದು ಕಾರಿಡಾರಲ್ಲಿ ನಮ್ಮ ಕಡೆಗೇ ನಡ್ಕೊಂಡು ಬರ್ತಾಳೆ, ಆ ಪಾತ್ರ ಮಾಡಿದ ಕೇಟ್ ಮಲ್‌ಗ್ರೂ ಆ ನಡಿಗೆಯಲ್ಲಿ ಒಂದೂ ಮಾತಿಲ್ಲದೆ ಏನೇನೋ ಮಾಡಿದ್ದಾರೆ, ಅಷ್ಟಕ್ಕೆ ಎಪಿಸೋಡ್ ಮುಗೀತು. ಮುಂದಿನ ವಾರ ಬೇರೆ ಕಥೆ. ಅವನ ಹೆಸರು ಆಮೇಲೆ ಹಡಗಲ್ಲಿ ಯಾರೂ ಎತ್ತಲ್ಲ.

ಸೀರಿಯಲ್ ಮಾತಾಡದೇ ಬಿಟ್ಟಿದ್ದಕ್ಕೇ ನಾವು ಮಾತಾಡ್ತಿದ್ದೀವಿ ಅಂತ ನಾನು ತುಂಬಾ ವರ್ಷ ನಂಬಿದ್ದೆ. ನಾನು ಟುವಿಕ್ಸ್ ಪರ, ತತ್ವದ ಪ್ರಕಾರ, ಬದುಕೋಕೆ ಇಷ್ಟ ಇರೋನನ್ನ ಕೊಲ್ಲಬಾರದು, ಕ್ಲಿಯರ್. ಆ ಸಂಧಿ ಮೆಸೇಜಿನ ರಾತ್ರಿ ನನ್ನ ಫ್ರೆಂಡ್ ಸುಮ್ನೆ ಒಂದು ಪ್ರಶ್ನೆ ಹಾಕಿದ್ಲು. "ಡಾಕ್ಟರ್ ಮತ್ತೆ ಸೆವೆನ್ ಆಫ್ ನೈನ್ ಇಬ್ಬರೂ ಸೇರಿ ಒಬ್ಬ ಬಂದಿದ್ರೆ? ಬಂದೋನು ಕೆಟ್ಟವನೇನಲ್ಲ, ಸ್ವಲ್ಪ ಕೊರೀತಾನೆ, ಸಪ್ಪೆ. ಅವನಿಗೂ ಬದುಕಬೇಕು. ಆಗ ಏನಂತೀಯ?"

ಡಾಕ್ಟರ್ ಮತ್ತೆ ಆಮೇಲೆ ಹಡಗು ಸೇರೋ ಸೆವೆನ್ ಅಂದ್ರೆ ವಾಯೇಜರ್‌ನ ಎರಡು ಕಣ್ಣು, ನನ್ನ ಮಟ್ಟಿಗೆ. ಅದೇ ಉತ್ತರ, ಕೊಲ್ಲಬಾರದು ಅಂತ ಟೈಪ್ ಮಾಡೋಕೆ ಹೋದೆ. ಮಾಡಿದೆ ಕೂಡ, ಕಳಿಸೋಕೆ ಮನಸ್ಸಾಗಲಿಲ್ಲ, ಅಳಿಸಿದೆ. ಅವಳಿಗೆ ಟೈಪಿಂಗ್ ಅಂತ ತೋರಿಸಿ ನಿಂತು ಮತ್ತೆ ಟೈಪಿಂಗ್ ಅಂತ ತೋರಿಸಿರುತ್ತಲ್ಲ, "ನೋಡಿದ್ಯಾ" ಅಂತ ಒಂದೇ ಪದ ಬಂತು.

ನೀಲಿಕ್ಸ್ ಕಂಡ್ರೆ ನಂಗೆ ಆಗಲ್ಲ. ಮೊದಲ ಎಪಿಸೋಡಿಂದ್ಲೂ ಆಗಲ್ಲ. ಕೆಸ್ ಮೇಲೆ ಅವನು ಪಡೋ ಹೊಟ್ಟೆಕಿಚ್ಚು, ಯಾರೂ ಕೇಳದೇ ಕೊಡೋ ಸಲಹೆ, ಟುವಾಕನ್ನ ನಗಿಸೋಕೆ ಬೆನ್ನು ಹತ್ತೋದು. ಟುವಿಕ್ಸ್ ಬಂದಾಗ ನಾನು ಆರಾಮಾಗಿ ಉಸಿರು ಬಿಟ್ಟಿದ್ದೆ, ಇಬ್ಬರಿಗಿಂತ ಇವನೇ ವಾಸಿ ಅಂತ. ಇದು ನನ್ನೊಬ್ಬನ ಖಾಯಿಲೆ ಅಲ್ಲ, ಎಷ್ಟೋ ಫ್ಯಾನ್‌ಗಳು ತಮಾಷೆಗೆ ಇದೇ ಮಾತು ಹೇಳ್ತಾರೆ, ಹೇಳಿ ಆಮೇಲೆ ಗಂಭೀರವಾಗಿ ಹಕ್ಕು, ಒಪ್ಪಿಗೆ, ವೈದ್ಯಧರ್ಮ ಅಂತ ಶುರು ಮಾಡ್ತಾರೆ. ಮೊದಲು ಇಷ್ಟ, ಆಮೇಲೆ ಅದಕ್ಕೆ ಒಪ್ಪೋ ತತ್ವ. ಅವಳ ಕಡೆಯೂ ಅಷ್ಟೇ ಬಿಡಿ, ಅವಳಿಗೆ ಜೇನ್‌ವೇ ಅಂದ್ರೆ ಪ್ರಾಣ, ಜೇನ್‌ವೇ ಏನು ಮಾಡಿದ್ರೂ ಕ್ಯಾಪ್ಟನ್ನಿನ ಹೊರೆ ಅಂತಾಳೆ.

ಒಂದ್ಸಲ ಇದು ತಲೆಗೆ ಹೊಕ್ಕ ಮೇಲೆ ಎಲ್ಲಾ ಕಡೆ ಕಾಣೋಕೆ ಶುರುವಾಯ್ತು. ಇದೇ ಸೆವೆನ್, 1997ರಲ್ಲಿ ಬೋರ್ಗ್ ಅನ್ನೋ, ಎಲ್ಲರ ಮನಸ್ಸೂ ಒಂದೇ ಆಗಿರೋ ಅರೆಯಂತ್ರ ಜನರ ಸಮೂಹದಿಂದ ಅವಳನ್ನ ಕಿತ್ತು ತಂದಾಗ, ನನ್ನನ್ನ ವಾಪಸ್ ಕಳಿಸಿ ಅಂತ ಅವಳು ಬಾಯಿಬಿಟ್ಟು ಕೇಳಿದ್ಲು. ಜೇನ್‌ವೇ ಕಳಿಸಲಿಲ್ಲ. ಅಲ್ಲೂ ಒಪ್ಪಿಗೆ ಇಲ್ಲ, ಅಲ್ಲೂ ಬೇರ್ಪಡಿಸಿದ್ದೇ, ಆದ್ರೆ ಫ್ಯಾನ್‌ಗಳಲ್ಲಿ ಟುವಿಕ್ಸ್‌ಗೆ ಆದಷ್ಟು ಗಲಾಟೆ ಅದಕ್ಕೆ ಆಗಿದ್ದು ನಾನು ನೋಡಿಲ್ಲ, ಯಾಕಂದ್ರೆ ಆ ಕೆಲಸದಿಂದ ನಮಗೆ ಸೆವೆನ್ ಸಿಕ್ಕಿದ್ಲು. ಇಬ್ಬರು ರೈಕರ್‌ಗಳಲ್ಲಿ ಒಬ್ಬನನ್ನ ಅಳಿಸೋ ಮಾತು ಯಾಕೆ ಬರಲಿಲ್ಲ? ಯಾರಿಗೂ ಯಾರೂ ಕಳೆದುಹೋಗಿರಲಿಲ್ಲ. ಡೇಟಾ ವಿಚಾರಣೆಯಲ್ಲೂ, ಅವನು ಒಂದು ಸೀಸನ್ನಿಗಿಂತ ಜಾಸ್ತಿ ನಮ್ಮ ಜೊತೆ ಇರದೇ ಹೋಗಿದ್ರೆ, ಅದೇ ವಾರ ಬಂದ ಒಂದು ಮುಖವಿಲ್ಲದ ಮಷೀನ್ ಆಗಿದ್ರೆ, ಪಿಕಾರ್ಡನ ಮಾತಿಗೆ ನಾವು ಇಷ್ಟು ತಲೆಯಾಡಿಸ್ತಿದ್ವಾ?

ತಮಾಷೆ ಅಂದ್ರೆ ವಾಯೇಜರ್ ಬರೆದೋರು ಇದೇ ಪ್ರಶ್ನೆಯನ್ನ ನೇರವಾಗಿ ಎತ್ಕೊಂಡಿದ್ರು, 1999ರ ಜನವರಿಯಲ್ಲಿ, ಐದನೇ ಸೀಸನ್. ಟುವಿಕ್ಸ್ ಬಗ್ಗೆ ಬಡ್ಕೊಳ್ಳೋ ನಾವು ಆ ಎಪಿಸೋಡನ್ನ ಅದರ ಪಕ್ಕ ಇಟ್ಟು ನೋಡಿರಲೇ ಇಲ್ಲ. ಹಡಗಿನ ಯುವ ಆಫೀಸರ್ ಹ್ಯಾರಿ ಕಿಮ್‌ಗೆ ಯಾವತ್ತೋ ಒಂದು ಆಪರೇಷನ್ ಆಗಿರೋ ಗುರುತು ಡಾಕ್ಟರ್‌ಗೆ ಕಾಣುತ್ತೆ, ಮಾಡಿದ್ದು ತಾನೇ ಅಂತಾನೂ ಗೊತ್ತಾಗುತ್ತೆ, ನೆನಪು ಮಾತ್ರ ಇಲ್ಲ. ಹುಡುಕ್ತಾ ಹೋದ್ರೆ ಅವನ ನೆನಪು ಅಳಿಸಿಸಿದ್ದು ಜೇನ್‌ವೇನೇ. ಹದಿನೆಂಟು ತಿಂಗಳ ಹಿಂದೆ ಕಿಮ್ ಮತ್ತೆ ಜೆಟಲ್ ಅನ್ನೋ ಹುಡುಗಿ ಇಬ್ಬರಿಗೂ ಒಂದೇ ಥರ ಏಟು ಬಿದ್ದಿರುತ್ತೆ, ಇಬ್ಬರೂ ಉಳಿಯೋ ಸಾಧ್ಯತೆ ಸಮ, ಸಮಯ ಇರೋದು ಒಬ್ಬರಿಗೆ. ಡಾಕ್ಟರ್ ಕಿಮ್‌ನ ಆರಿಸ್ಕೊಳ್ತಾನೆ. ಜೆಟಲ್ ಸಾಯ್ತಾಳೆ. ಯಾಕೆ ಕಿಮ್? ವೈದ್ಯಕೀಯವಾಗಿ ಯಾವ ಕಾರಣವೂ ಇಲ್ಲ. ಅವನು ಫ್ರೆಂಡ್, ಅಷ್ಟೇ. ಅದು ತನಗೇ ಗೊತ್ತಾದ ಮೇಲೆ ಡಾಕ್ಟರ್ ಕೆಟ್ಟು ಹೋಗ್ತಾನೆ, ಎಲ್ಲರೆದುರು ಹೇಳಿದ್ದೇ ಹೇಳ್ತಾ ಸುತ್ತೋಕೆ ಶುರು ಮಾಡ್ತಾನೆ, ಅದಕ್ಕೇ ನೆನಪು ಅಳಿಸಿರ್ತಾರೆ. ಮತ್ತೆ ಅಳಿಸೋಕೆ ಹೊರಟಾಗ ತಡೆಯೋಳು ಸೆವೆನ್. ಜೇನ್‌ವೇ ಆ ಹೊತ್ತಲ್ಲೂ ಡಾಕ್ಟರ್ ನಮಗಿಂತ ಆ ರೆಪ್ಲಿಕೇಟರ್‌ಗೇ ಹತ್ತಿರ ಅಂತ ಒಂದು ಮಷೀನ್ ತೋರಿಸಿ ಹೇಳ್ತಾಳೆ, ಅದೇ ಡಾಕ್ಟರ್ ಬಗ್ಗೆ, ಟುವಿಕ್ಸ್ ಮುಂದೆ ಇಡೀ ಹಡಗಲ್ಲಿ ಇಲ್ಲ ಅಂದ ಒಬ್ಬನೇ ಒಬ್ಬನ ಬಗ್ಗೆ.

ಕೊನೆಗೆ ಅಳಿಸಲ್ಲ. ಅವನ ಪಕ್ಕದಲ್ಲಿ ದಿನಗಟ್ಟಲೆ ಯಾರಾದ್ರೂ ಒಬ್ಬರು ಕೂತಿರ್ತಾರೆ, ಅವನು ಅದನ್ನೇ ಮಥಿಸ್ತಾ ಇರ್ತಾನೆ. ಒಂದು ರಾತ್ರಿ ಜೇನ್‌ವೇ ಸರದಿ, ಪುಸ್ತಕ ಹಿಡ್ಕೊಂಡು ಕೂತಲ್ಲೇ ತೂಕಡಿಸ್ತಾಳೆ. ಡಾಕ್ಟರ್ ಮಧ್ಯದಲ್ಲಿ ನಿಲ್ಲಿಸಿ, ನಿಮಗೆ ಹುಷಾರಿಲ್ಲ ಹೋಗಿ ಮಲ್ಕೊಳ್ಳಿ ಅಂತಾನೆ. ಯಾರೂ ಕೇಳದೇ ಬಂದ ಡಾಕ್ಟರ್ ಮಾತು ಅದು.

ಇದನ್ನೆಲ್ಲ ಉದ್ದಕ್ಕೆ ಬರೆದು ಅವಳಿಗೆ ಕಳಿಸಿದೆ, ಒಪ್ಕೊಂಡೆ ಕಣೇ, ನಂದೂ ಇಷ್ಟಾನಿಷ್ಟವೇ, ನೋಡು ಸೀರಿಯಲ್ಲಿನೋರಿಗೆ ಮೊದಲೇ ಗೊತ್ತಿತ್ತು, ನಾವೂ ಡಾಕ್ಟರ್ ಥರಾನೇ, ಕಿಮ್ ಉಳಿದ ಅಂತ ಸಮಾಧಾನ ಪಟ್ವಿ ಅಂತ. ಅವಳು ಓದಿ ಸ್ವಲ್ಪ ಹೊತ್ತು ಬಿಟ್ಟು ಉತ್ತರ ಹಾಕಿದ್ಲು. "ಚೆನ್ನಾಗಿದೆ. ಅದ್ಸರಿ, ಆ ಜೆಟಲ್ ನೋಡೋಕೆ ಹೆಂಗಿದ್ಲು ಹೇಳು?"

ಕೂದಲು ಹೆಂಗಿತ್ತು, ದನಿ ಹೆಂಗಿತ್ತು, ಒಂದೂ ನೆನಪಿಗೆ ಬರಲಿಲ್ಲ. ಕಿಮ್ ಮುಖ ಕಣ್ಮುಚ್ಚಿದ್ರೂ ಕಾಣುತ್ತೆ. ಸತ್ತೋಳದ್ದು ಮಾತ್ರ ಖಾಲಿ. ಗಂಟೆ ಒಂದಾಗಿತ್ತು, ಆ ಎಪಿಸೋಡ್ ಹುಡುಕಿ ಮತ್ತೆ ಹಾಕ್ದೆ.